ಹೆಬ್ಬೆಟ್ಟು ಬರದ ಅತ್ತೆ

ನಂಜನಗೂಡಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಇಪ್ಪತ್ತು ವರ್ಷ ದಾಟಿತು. ದೊಡ್ಡ ಅಂಗಡಿಯೇನಲ್ಲ: ಒಂದು ಮಷೀನು, ಒಂದು ಕಂಪ್ಯೂಟರು, ಗೋಡೆಗೆ ಒರಗಿಸಿದ ಒಂದು ಸ್ಟೂಲು. ಸ್ಟೂಲು ಇರುವುದು ವಯಸ್ಸಾದವರಿಗೆ. ಗಟ್ಟಿಮುಟ್ಟಾದ ಆಳು ಅದರ ಮೇಲೆ ಕೂತು ಫೋನು ಒತ್ತುತ್ತಿದ್ದರೆ ನಾನು ಎಬ್ಬಿಸುತ್ತೇನೆ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ನನ್ನ ಬಾಯಿ ಜೋರು ಅನ್ನುವುದು ಬೀದಿಗೆಲ್ಲ ಗೊತ್ತಿರುವ ವಿಷಯ, ನಾನೂ ಅದನ್ನು ಮುಚ್ಚಿಟ್ಟವಳಲ್ಲ.

ಈ ಜೋರು ಬಾಯಿ ಹೆಚ್ಚು ಖರ್ಚಾಗುವುದು ಮುದುಕರ ಮೇಲೆಯೇ. ಹೆಮ್ಮರಗಾಲದಿಂದ ಒಬ್ಬರು ಯಜಮಾನರು ಬರುತ್ತಾರೆ. ಆಧಾರ್ ಕಾರ್ಡು, ಪಾಸ್‌ಬುಕ್ಕು, ಎಟಿಎಂ ಕಾರ್ಡು, ಅದರ ಗುಟ್ಟಿನ ನಂಬರು ಬರೆದ ಚೀಟಿ, ಜೊತೆಗೆ ಫೋನು, ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಕವರಿನಿಂದ ನನ್ನ ಮುಂದೆ ಸುರಿದು, "ಯಾವ್ದ್ ಬೇಕೋ ನೋಡ್ಕಳವ್ವ" ಅನ್ನುತ್ತಾರೆ.

"ಯಜಮಾನ್ರೇ, ಮನೆ ಬೀಗದ ಕೈ ಒಂದನ್ನ ಮರ್ತ್ ಬಂದ್ರಲ್ಲ," ಅಂದೆ ಒಮ್ಮೆ.

ಅವರು ಗಾಬರಿಯಿಂದ ಜೇಬು ಮುಟ್ಟಿ ನೋಡಿಕೊಂಡು, "ಇಲ್ಲ ಕಣವ್ವ, ಇಲ್ಲೇ ಅದೆ," ಅಂತ ಅದನ್ನೂ ತೆಗೆದು ತೋರಿಸಿದರು. ಬೈಯಬೇಕೆಂದಿದ್ದವಳು ನಕ್ಕುಬಿಟ್ಟೆ.

ಅದಕ್ಕೇ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಯಾರ ಕಾರ್ಡಿನ ಜೆರಾಕ್ಸ್ ತೆಗೆದರೂ ಅದರ ಮೇಲೆ ಅಡ್ಡಡ್ಡಲಾಗಿ, ಯಾತಕ್ಕೆ ಕೊಡುತ್ತಿದ್ದಾರೋ ಅದನ್ನು ನಾನೇ ಬರೆಯುತ್ತಿದ್ದೆ. 'ಪಿಂಚಣಿ ಅರ್ಜಿಗೆ ಮಾತ್ರ', 'ಗ್ಯಾಸ್ ಸಂಪರ್ಕಕ್ಕೆ ಮಾತ್ರ', ಕೆಳಗೆ ತಾರೀಕು. ಆಗ ಆ ಕಾಗದ ಯಾರ ಕೈಗೆ ಸಿಕ್ಕರೂ ಬೇರೆ ಕೆಲಸಕ್ಕೆ ಬಳಸುವುದು ಕಷ್ಟ. ಜೆರಾಕ್ಸಿಗೆ ಬಂದ ಹದಿನಾರು ಗ್ರಾಮದ ಮೇಷ್ಟರೊಬ್ಬರು ಇದನ್ನು ನೋಡಿ ಭಾಷಣ ಮಾಡುವವರ ಹಾಗೆ ನನ್ನನ್ನು ಹೊಗಳಿದರು. ನಾನು ಉಬ್ಬಿಹೋದೆ. ನನ್ನ ಅಂಗಡಿಯಿಂದ ಹೋದ ಕಾಗದದಿಂದ ಒಬ್ಬರಿಗಾದರೂ ಮೋಸವಾಗಿದೆಯಾ ತೋರಿಸಿ ಅಂತ ನಾಲ್ಕು ಜನರ ಎದುರಿಗೆ ಎದೆ ತಟ್ಟಿ ಹೇಳಿದ್ದೂ ಉಂಟು.

ಈ ಪದ್ಧತಿಗೆ ಒಬ್ಬರೇ ಹೊರತು, ನಮ್ಮತ್ತೆ.

ಅತ್ತೆ ಅಂದರೆ ನಮ್ಮಪ್ಪನ ತಂಗಿ. ಎಪ್ಪತ್ತು ದಾಟಿದೆ. ನರಸೀಪುರದಲ್ಲಿ ಮಗಳು ಅಳಿಯನ ಜೊತೆ ಇದ್ದಾಳೆ. ಹುಡುಗಿಯಾಗಿದ್ದಾಗ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲು ತೆಗೆಯಲು ಕೂತವಳು, ಎಷ್ಟೋ ವರ್ಷ ಅದೇ ಕೆಲಸ ಮಾಡಿದಳು. ದಿನವಿಡೀ ದಾರ ಬೆರಳ ಸಂದಿಯಲ್ಲಿ ಓಡಿ ಓಡಿ, ಆಮೇಲೆ ಗದ್ದೆಯ ಕೆಸರು, ಪಾತ್ರೆಯ ಬೂದಿ ಎಲ್ಲ ಸೇರಿ, ಅವಳ ಬೆರಳ ತುದಿಗಳು ನುಣ್ಣಗಾಗಿವೆ. ಗೆರೆ ಅನ್ನುವುದೇ ಇಲ್ಲ. ಪಡಿತರದ ಅಂಗಡಿಯಲ್ಲಿ ಬೆರಳು ಒತ್ತುವ ಮಷೀನು ಬಂದಾಗಿನಿಂದ ಅವಳಿಗೆ ಅದರ ಜೊತೆ ಜಗಳ. ಹೆಬ್ಬೆಟ್ಟು ಇಟ್ಟರೆ ಕೆಂಪು ದೀಪ. ತೋರುಬೆರಳು ಇಟ್ಟರೂ ಕೆಂಪು ದೀಪ. ಹತ್ತೂ ಬೆರಳಿನ ಸರದಿ ಮುಗಿದ ಮೇಲೆ ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಮೊದಲಿನಿಂದ.

"ನಾನು ಉಟ್ಟೇ ಇಲ್ವೇನೋ ಅನ್ನಂಗ್ ಆಡ್ತದೆ ಕಣ್ ಕೂಸೇ ಆ ಮಷೀನು," ಅನ್ನುತ್ತಿದ್ದಳು. ನನಗೆ ಐವತ್ತನಾಲ್ಕಾದರೂ ಅವಳಿಗೆ ನಾನಿನ್ನೂ ಕೂಸು.

ಬೆರಳು ಬಾರದವರಿಗೆ ಬೇರೆ ದಾರಿ ಇದೆ. ಫೋನಿಗೆ ಒಂದು ಆರಂಕಿ ನಂಬರು ಬರುತ್ತದೆ, ಅದನ್ನು ಹೇಳಿದರೆ ಆಯಿತು. ಆದರೆ ಪ್ರತಿ ಕಚೇರಿಯಲ್ಲೂ ಮೊದಲು ಬೆರಳು ಇಡಿಸಿ, ಅದು ಬಾರದೆ, ಯಾಕೆ ಬರಲ್ಲ ಅಂತ ವಿಚಾರಿಸಿ, ಕಾರ್ಡಿನ ಜೆರಾಕ್ಸ್ ಕೇಳಿ, ಫೋನ್ ನಂಬರ್ ಕೇಳುತ್ತಾರೆ. ಹಿಂದೆ ಸಾಲಿನಲ್ಲಿ ನಿಂತವರು ಲೊಚಗುಟ್ಟುತ್ತಾರೆ. ಅತ್ತೆಗೆ ಅದು ಅವಮಾನ. ಅವಳ ಬೀದಿಯಲ್ಲಿ ಅವಳಿಗೆ ಇರುವ ಮರ್ಯಾದೆ ಗೊತ್ತಿದ್ದವರಿಗೆ ಈ ಅವಮಾನ ಅರ್ಥವಾಗುತ್ತದೆ. ಎರಡು ಮನೆಗೆ ಜಗಳವಾದರೆ ಎರಡೂ ಕಡೆಯವರು ಸಾಕ್ಷಿಗೆ ಕರೆಯುವುದು ಅವಳನ್ನೇ. ಬರುತ್ತೇನೆ ಅಂದರೆ ಬರುತ್ತಾಳೆ, ಕೊಡುತ್ತೇನೆ ಅಂದರೆ ಕೊಡುತ್ತಾಳೆ. ಬಾಣಂತಿಗೆ ಎಣ್ಣೆ ನೀರು ಹಾಕಲು ಆರು ಗಂಟೆಗೆ ಬರುತ್ತೇನೆ ಅಂದಿದ್ದರೆ ಆರಕ್ಕೆ ಬಾಗಿಲಲ್ಲಿ ಇರುತ್ತಾಳೆ.

ಅವಳ ಕಷ್ಟ ನೋಡಲಾರದೆ ನಾನೊಂದು ಉಪಾಯ ಮಾಡಿದೆ. ಆಧಾರ್ ಕಾರ್ಡಿನ ಒಂದು ಒಳ್ಳೆಯ ಜೆರಾಕ್ಸ್ ತೆಗೆದು, ಅದರ ಕೆಳಗೆ ನನ್ನ ದುಂಡನೆಯ ಅಕ್ಷರದಲ್ಲಿ ಅವಳ ಫೋನ್ ನಂಬರ್ ಬರೆದೆ. ಮೇಲ್ಗಡೆ, ಸಾಲಿನಲ್ಲಿ ನಿಂತು ಪ್ರತಿ ಸಲ ಬಾಯಿಬಿಟ್ಟು ಹೇಳುವ ಕಷ್ಟ ತಪ್ಪಲಿ ಅಂತ, 'ಇವರಿಗೆ ಹೆಬ್ಬೆಟ್ಟು ಬರುವುದಿಲ್ಲ, ಫೋನಿಗೆ ಒಟಿಪಿ ಕಳಿಸಿ' ಅಂತ ಬರೆದು ಅಡಿಗೆರೆ ಎಳೆದೆ. ಆ ಹಾಳೆಯಿಂದಲೇ ಒಂದು ಕಟ್ಟು ಪ್ರತಿ ತೆಗೆದು ಅವಳ ಚೀಲಕ್ಕೆ ಹಾಕಿದೆ. ಎಲ್ಲದಕ್ಕೂ ಬೇಕಾಗುವ ಹಾಳೆಯಾದ್ದರಿಂದ 'ಇದಕ್ಕೆ ಮಾತ್ರ' ಅಂತ ಬರೆಯಲಿಲ್ಲ. ಅತ್ತೆಗೆ ಆದ ಸಂತೋಷ ಹೇಳತೀರದು. ಯಾವ ಕೌಂಟರಿಗೆ ಹೋದರೂ ಮಾತಿಲ್ಲದೆ ಒಂದು ಹಾಳೆ ಮುಂದೆ ತಳ್ಳುತ್ತಿದ್ದಳು. ಕಟ್ಟು ಮುಗಿದರೆ ನಂಜನಗೂಡಿನ ಬಸ್ಸು ಹತ್ತಿ ಬರುತ್ತಿದ್ದಳು, ನಾನು ಇನ್ನೊಂದು ಕಟ್ಟು ಮಾಡಿಕೊಡುತ್ತಿದ್ದೆ. ಹೀಗೆ ಎರಡು ವರ್ಷವೇ ನಡೆಯಿತು.

ಒಂದು ಮಧ್ಯಾಹ್ನ ಅತ್ತೆಯ ಮಗಳು ಫೋನ್ ಮಾಡಿ, "ಅಕ್ಕಾ, ಪೊಲೀಸ್ನೋರು ಬಂದಿದ್ರು. ಅವ್ವ ಊಟ ಬುಟ್ಟವ್ಳೆ," ಅಂದಳು. ನಾನು ಅರ್ಧ ತೆಗೆದ ಜೆರಾಕ್ಸನ್ನು ಹಾಗೇ ಬಿಟ್ಟು, ಬಾಗಿಲೆಳೆದು ಬಸ್ಸು ಹತ್ತಿದೆ.

ಅತ್ತೆ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಆಗಿದ್ದು ಇಷ್ಟು. ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಯಾರೋ ಒಬ್ಬರಿಗೆ ಮೋಸವಾಗಿತ್ತು. ಮೋಸ ಮಾಡಿದವರು ಹಣ ಹಾಕಿಸಿಕೊಂಡ ಆನ್‌ಲೈನ್ ಖಾತೆ ಅತ್ತೆಯ ಹೆಸರಿನಲ್ಲಿತ್ತು. ಅಲ್ಲಿಯ ಠಾಣೆಯಿಂದ ನಮ್ಮ ಕಡೆಯ ಠಾಣೆಗೆ ಕಾಗದ ಬಂದು, ಒಬ್ಬ ಪೊಲೀಸಿನವನು ಮನೆ ಹುಡುಕಿಕೊಂಡು ಬಂದು, ಮಾರನೆಯ ದಿನ ಠಾಣೆಗೆ ಬಂದು ಹೇಳಿಕೆ ಕೊಡಿ ಅಂತ ಮರ್ಯಾದೆಯಾಗಿಯೇ ಹೇಳಿ ಹೋಗಿದ್ದ. ಆದರೆ ಖಾಕಿ ಬಟ್ಟೆ ಬಾಗಿಲಿಗೆ ಬಂದದ್ದನ್ನು ಬೀದಿಯೆಲ್ಲ ನೋಡಿತ್ತು.

"ನಾನ್ ಯಾರ್ಗ್ ಮೋಸ ಮಾಡಿವ್ನಿ ಕೂಸೇ?" ಅಂದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮಾರನೆಯ ದಿನ ಅವಳ ಕೈ ಹಿಡಿದುಕೊಂಡು ಠಾಣೆಗೆ ನಾನೇ ಹೋದೆ. ಹೋಗುವಾಗ ನನ್ನ ನಡಿಗೆ ಹೇಗಿತ್ತು ಅಂದರೆ, ಪೊಲೀಸರಿಗೇ ನಾಲ್ಕು ಪಾಠ ಹೇಳಿಕೊಟ್ಟು ಬರುವವಳ ಹಾಗಿತ್ತು. ಸಬ್ ಇನ್‌ಸ್ಪೆಕ್ಟರ್ ಇನ್ನೂ ಚಿಕ್ಕ ವಯಸ್ಸಿನವರು. ಅತ್ತೆಗೆ ಕುರ್ಚಿ ಹಾಕಿಸಿ, ನೀರು ಕೊಡಿಸಿ, ನಿಧಾನವಾಗಿ ಕೇಳಿದರು.

"ಅಜ್ಜಿ, ನಿಮ್ಗೆ ಯಾರಾದ್ರೂ ಫೋನ್ ಮಾಡಿ ಒಟಿಪಿ ಕೇಳಿದ್ರಾ? ಆರಂಕಿ ನಂಬರು?"

ಅತ್ತೆ ಯೋಚನೆ ಮಾಡಿ, "ಊಂ ಸೋಮಿ," ಅಂದಳು. "ರೇಷನ್ ಆಪೀಸ್ನೋರು ಮಾಡಿದ್ರು. ನಂಬರ್ ಬತ್ತದೆ, ಏಳವ್ವ ಅಂದ್ರು. ಮೊಮ್ಮಗಳ್ ಕೈಲಿ ಓದ್ಸಿ ಏಳ್ದೆ."

ನನಗೆ ಸಿಟ್ಟು ನೆತ್ತಿಗೇರಿತು. ಠಾಣೆ ಅನ್ನುವುದನ್ನೂ ಮರೆತು, "ಎಷ್ಟ್ ಸಲ ಬಡ್ಕೊಂಡಿದೀನಿ ಅತ್ತೆ, ಫೋನಲ್ಲಿ ಕೇಳೋರ್ಗೆ ನಂಬರ್ ಹೇಳ್ಬೇಡ ಅಂತ! ರೇಷನ್ ಆಫೀಸ್ನೋರು ಅಂದ್ಬಿಟ್ರೆ ನಂಬ್ಬಿಡೋದಾ?" ಅಂದೆ.

ಅತ್ತೆ ನನ್ನ ಕಡೆ ತಿರುಗಿದಳು. "ಅವ್ನೇ ಏಳ್ದ ಕಣ್ ಕೂಸೇ, ನಿಮ್ಗೆ ಎಬ್ಬೆಟ್ಟು ಬರಾಕಿಲ್ವಲ್ಲ ಅದ್ಕೆ ಅಂತ. ನಮ್ಮೋರ್ಗಲ್ದೆ ಇನ್ಯಾರ್ಗ್ ಗೊತ್ತಿರ್ತದೆ ಅದು?"

ಸಬ್ ಇನ್‌ಸ್ಪೆಕ್ಟರ್ ಫೈಲಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಮೋಸ ಮಾಡಿದವರು ಖಾತೆ ತೆರೆಯಲು ಕಳಿಸಿದ್ದ ಕಾರ್ಡಿನ ಫೋಟೊ ಅದು. ಅದೇ ಫೋಟೊವನ್ನು ಮೋಸಹೋದವರಿಗೂ ನಂಬಿಕೆಗಾಗಿ ಕಳಿಸಿದ್ದರಂತೆ. ಅಸಲು ಕಾರ್ಡಿನದ್ದಲ್ಲ, ಸೊಟ್ಟಗೆ ಬಿದ್ದ ಒಂದು ಜೆರಾಕ್ಸಿನ ಫೋಟೊ. ಕೆಳಗೆ ದುಂಡನೆಯ ಅಕ್ಷರದಲ್ಲಿ ಫೋನ್ ನಂಬರು. ಮೇಲೆ, 'ಇವರಿಗೆ ಹೆಬ್ಬೆಟ್ಟು ಬರುವುದಿಲ್ಲ'. ಅಡಿಗೆರೆ ಸಮೇತ.

ಅತ್ತೆ ಕೌಂಟರುಗಳಿಗೆ ಕೊಡುತ್ತಿದ್ದ ಹಾಳೆಗಳೆಲ್ಲ ನೆಟ್ಟಗಿದ್ದವು. ಮಷೀನಿನಲ್ಲಿ ಸೊಟ್ಟಗೆ ಬಂದದ್ದು, ಕಪ್ಪಾದದ್ದು, ಅರ್ಧ ಬಿದ್ದದ್ದು ಎಲ್ಲವನ್ನೂ ನಾನು ಕಾಲ ಬುಡದ ರಟ್ಟಿನ ಪೆಟ್ಟಿಗೆಗೆ ಎಸೆಯುತ್ತಿದ್ದೆ. ಪೆಟ್ಟಿಗೆ ತುಂಬಿದರೆ ಕಡಲೆಕಾಯಿ ಮಾರುವವರಿಗೆ ಪೊಟ್ಟಣ ಕಟ್ಟಲು ಕೊಡುತ್ತಿದ್ದೆ, ಉಳಿದದ್ದು ರದ್ದಿಗೆ. ಕಾಗದ ದಂಡವಾಗಬಾರದು ಅಂತ. ಅಂದರೆ ಇಪ್ಪತ್ತು ವರ್ಷ ಊರವರ ಕಾರ್ಡುಗಳನ್ನು ನಾನೇ ಬೀದಿಗೆ ಹಂಚುತ್ತಿದ್ದೆ. ಕಳ್ಳನಿಗೆ ಫೋನಿನಲ್ಲಿ ಏನು ಹೇಳಿದರೆ ಅತ್ತೆ ನಂಬುತ್ತಾಳೆ ಅನ್ನುವುದನ್ನೂ ನಾನೇ ಬರೆದು ಕೊಟ್ಟಿದ್ದೆ.

"ಈ ಜೆರಾಕ್ಸ್ ಎಲ್ಲಿ ಮಾಡ್ಸಿದ್ದು ಅಜ್ಜಿ?" ಅಂತ ಸಬ್ ಇನ್‌ಸ್ಪೆಕ್ಟರ್ ಕೇಳಿದರು.

ಅತ್ತೆ ಕನ್ನಡಕವಿಲ್ಲದೆ ಆ ಹಾಳೆಯನ್ನು ಸರಿಯಾಗಿ ನೋಡಿರಲಿಲ್ಲ. "ನಮ್ ಜೆರಾಕ್ಸೆಲ್ಲ ಈ ಕೂಸೇ ಮಾಡೋದು ಸೋಮಿ. ಇವ್ಳತ್ರ ಕೊಟ್ಟುದ್ದು ಒಂದ್ ಚೂರೂ ಆಚೆಗ್ ಓಗಾಕಿಲ್ಲ," ಅಂದಳು.

ಒಂದು ಕ್ಷಣ ಸುಮ್ಮನಿರೋಣ ಅನ್ನಿಸಿತು. ಸುಳ್ಳು ಹೇಳುವುದಿಲ್ಲ. ಈ ಸುತ್ತಮುತ್ತಲ ಊರಿನವರಿಂದಲೇ ನನ್ನ ಹೊಟ್ಟೆಪಾಡು, ನಾಳೆ ಯಾರು ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ ಅಂತಲೂ ಯೋಚನೆ ಬಂತು. ಆದರೆ ಅತ್ತೆ ಆ ಮಾತು ಹೇಳಿದ ಮೇಲೆ ಸುಮ್ಮನಿರಲು ನನ್ನ ಕೈಯಲ್ಲಿ ಆಗಲಿಲ್ಲ.

"ಸರ್, ಇದು ನನ್ನ ಮಷೀನಿನದೇ," ಅಂದೆ. "ಅಕ್ಷರ ನಂದು. ಹಾಳಾದ ಪ್ರತಿ. ಹರಿದು ಹಾಕದೆ ರದ್ದಿಗೆ ಕೊಟ್ಟಿದೀನಿ."

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಎಲ್ಲ ಬರೆದುಕೊಂಡು, ಆ ಹಾಳೆ ಯಾವ ಕೈಯಿಂದ ಯಾವ ಕೈಗೆ ಹೋಯಿತು ಅನ್ನುವುದು ಸಿಗುವುದು ಕಷ್ಟ ಅಂದರು. ಇವತ್ತಿಗೂ ಸಿಕ್ಕಿಲ್ಲ. ಅತ್ತೆಯ ಮೇಲೆ ಕೇಸಿಲ್ಲ, ಅವಳೂ ಮೋಸಹೋದವಳೇ ಅಂತ ಬರೆದು ಕಳಿಸುತ್ತೇವೆ ಅಂದರು. ನಾನು ಎದ್ದು ನಿಂತೆ. ಅತ್ತೆ ಏಳಲಿಲ್ಲ.

"ಆ ಮೋಸ ಓದೋರು ಯಾರು ಸೋಮಿ? ಏನಂತ ಮೋಸ ಮಾಡಿದ್ರು?"

ಅವರು ಹೇಳಿದ್ದನ್ನು ಕೇಳಿ ಅತ್ತೆ ಸೆರಗು ಬಾಯಿಗೆ ಹಿಡಿದುಕೊಂಡಳು. ನಿವೃತ್ತರಾದ ಒಬ್ಬ ವಯಸ್ಸಾದವರು. ಹೆಂಡತಿ ಹಾಸಿಗೆ ಹಿಡಿದಿದ್ದಾರೆ. ಮನೆಯಲ್ಲೇ ಇದ್ದು ನೋಡಿಕೊಳ್ಳುವ ಹೆಂಗಸು ಬೇಕು ಅಂತ ಆನ್‌ಲೈನಿನಲ್ಲಿ ಹುಡುಕಿದ್ದಾರೆ. ಕಳ್ಳರು ಅತ್ತೆಯ ಕಾರ್ಡು ಕಳಿಸಿ, ಈಕೆ ಬರುತ್ತಾಳೆ ಅಂತ ಹೇಳಿ ಮುಂಗಡ ಹಾಕಿಸಿಕೊಂಡಿದ್ದಾರೆ. ಹೇಳಿದ ದಿನ ಆ ಮನುಷ್ಯ ಹೆಂಡತಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಅತ್ತೆಯನ್ನು ಕರೆದುಕೊಂಡು ಬರಲು ತಮ್ಮೂರಿನ ಬಸ್ ನಿಲ್ದಾಣಕ್ಕೆ ಹೋಗಿ ಸಂಜೆಯವರೆಗೆ ಕಾದಿದ್ದಾರೆ.

ಮನೆಗೆ ಬಂದ ಮೇಲೆ ಅತ್ತೆ ನನಗೆ ಮಜ್ಜಿಗೆ ಕೊಟ್ಟಳು. ನಾನು ಲೋಟ ಹಿಡಿದುಕೊಂಡು ಅತ್ತುಬಿಟ್ಟೆ. "ಬೇಕಂತ ಮಾಡ್ದ್ಯಾ? ಇಲ್ವಲ್ಲ. ಕುಡಿ," ಅಂದಳು. ಆಮೇಲೆ, "ನನ್ ಕಾಯ್ಕಂಡ್ ನಿಂತಿದ್ರಂತಲ್ಲ ಕೂಸೇ ಆ ಯಪ್ಪ. ಇನ್ನೂ ನಾನೇ ಅಂತ ತಿಳ್ಕಂಡಿರ್ತಾರೆ," ಅಂದಳು.

ಅದು ಅವಳನ್ನು ಹಿಡಿದುಕೊಂಡುಬಿಟ್ಟಿತು. ಕೇಸಿಲ್ಲ ಅಂತ ಬೀದಿಗೆಲ್ಲ ಗೊತ್ತಾಯಿತು, ನೆರೆಯವರು ಬಂದು ಸಮಾಧಾನ ಹೇಳಿದರು. ಅತ್ತೆ ಹೊಸ್ತಿಲು ದಾಟಲಿಲ್ಲ. ಹೆಂಗಸರ ಸಂಘಕ್ಕೆ ಹೋಗಲಿಲ್ಲ. ಬೀದಿಯಲ್ಲಿ ಗಂಡ ಹೆಂಡತಿ ಜಗಳವಾಗಿ ಕರೆಯಲು ಬಂದರೆ, "ನಾನ್ ಏನ್ ಏಳ್ಲಿ, ನನ್ ಮಾತೇ ಕೆಟ್ಟೋಗದೆ" ಅಂತ ಕಳಿಸಿದಳಂತೆ.

ನಾನು ಅಳುತ್ತಾ ಕೂರುವವಳಲ್ಲ. ಮೊದಲು ರಟ್ಟಿನ ಪೆಟ್ಟಿಗೆಯನ್ನು ಮನೆಗೆ ಹೊತ್ತುಕೊಂಡು ಹೋಗಿ ನೀರೊಲೆಗೆ ಹಾಕಿದೆ. ಈಗ ಹಾಳಾದ ಪ್ರತಿಯನ್ನು ಗಿರಾಕಿಯ ಕಣ್ಣೆದುರೇ ಚೂರುಚೂರು ಮಾಡುತ್ತೇನೆ. ನಡೆದದ್ದನ್ನು ಯಾರಿಗೂ ಮುಚ್ಚಿಡಲಿಲ್ಲ. ಬಂದ ಪ್ರತಿಯೊಬ್ಬ ಮುದುಕರಿಗೂ, ನನ್ನ ಅಂಗಡಿಯಿಂದಲೇ ಹೀಗಾಯಿತು, ನನ್ನನ್ನೂ ಕಣ್ಣುಮುಚ್ಚಿ ನಂಬಬೇಡಿ ಅಂತ ಹೇಳಿದೆ. ಕೆಲವರು ಬರುವುದು ಬಿಟ್ಟರು. ಹೆಮ್ಮರಗಾಲದ ಯಜಮಾನರು ಮಾತ್ರ ಎಲ್ಲ ಕೇಳಿಸಿಕೊಂಡು, ಮುಂದಿನ ಸಲ ಬರೀ ಕಾರ್ಡೊಂದನ್ನೇ ತಂದರು. ಎಂಥಾ ಬೈಗುಳಕ್ಕೂ ಬಗ್ಗದವರು ನನ್ನ ತಪ್ಪಿನ ಕಥೆಗೆ ಬಗ್ಗಿದರು.

ಭಾನುವಾರಗಳಲ್ಲಿ ನರಸೀಪುರಕ್ಕೆ ಹೋದೆ. ಬೇರೆಯವರು ಬಳಸದ ಹಾಗೆ ಅತ್ತೆಯ ಆಧಾರಿನ ಬೆರಳಚ್ಚಿಗೆ ಬೀಗ ಹಾಕಿಸಿದೆ. ಅವಳ ಹೆಸರಿನಲ್ಲಿ ಇನ್ಯಾವ ಸಿಮ್ ಇದೆ ಅಂತ ನೋಡಿ, ಅವಳದಲ್ಲದ ಒಂದನ್ನು ನಿಲ್ಲಿಸಲು ಬರೆದು ಹಾಕಿದೆ. ಮೊದಲ ಎಂಟು ಅಂಕಿ ಕಾಣದ ಹಾಗೆ ಕಾರ್ಡಿನ ಪ್ರತಿ ಸಿಗುತ್ತದೆ, ಅದನ್ನು ತೆಗೆದುಕೊಟ್ಟೆ. ಫೋನಿನಲ್ಲಿ ಯಾರೇ ನಂಬರ್ ಕೇಳಿದರೂ, ಮಗಳೇ ಕೇಳಿದರೂ, ನಾನೇ ಕೇಳಿದರೂ ಹೇಳಕೂಡದು ಅಂತ ಹೇಳಿಕೊಟ್ಟೆ. ಕಲಿತಿದ್ದಾಳೋ ನೋಡೋಣ ಅಂತ ಒಂದು ದಿನ ಅಂಗಡಿಯಿಂದ ಫೋನ್ ಮಾಡಿ, "ಅತ್ತೆ, ಈಗ ಒಂದು ನಂಬರ್ ಬರ್ತದೆ, ಸ್ವಲ್ಪ ಹೇಳು, ಅರ್ಜೆಂಟು," ಅಂದೆ.

"ಬಸ್ ಅತ್ಕೊಂಡ್ ಬಾ, ಮಕ ನೋಡಿ ಏಳ್ತೀನಿ," ಅಂತ ಫೋನ್ ಇಟ್ಟುಬಿಟ್ಟಳು. ಅಷ್ಟರ ಮಟ್ಟಿಗೆ ಪಾಸಾಗಿದ್ದಳು. ಆದರೆ ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ.

ಅವಳಿಗೆ ಬೇಕಾದದ್ದು ಒಂದೇ ಅಂತ ನನಗೆ ಗೊತ್ತಿತ್ತು. ನಾನು ಠಾಣೆಗೆ ಹೋಗಿ ಮೋಸಹೋದ ಆ ಹಿರಿಯರ ಜೊತೆ ಅತ್ತೆಯನ್ನು ಮಾತಾಡಿಸಿ ಅಂದೆ. ಹಾಗೆಲ್ಲ ನಂಬರ್ ಕೊಡಲು ಬರುವುದಿಲ್ಲ ಅಂದರು. ಸರಿಯಾದ ಮಾತೇ. ಮತ್ತೆ ಹೋದೆ. ನಾಲ್ಕನೆಯ ಸಲ ಹೋದಾಗ ಸಬ್ ಇನ್‌ಸ್ಪೆಕ್ಟರ್ ನಕ್ಕು, "ನಂಬರ್ ನಾನು ಕೊಡಲ್ಲ ಮೇಡಂ. ಆ ಠಾಣೆಯವರಿಂದ ಅವರಿಗೆ ಹೇಳಿಸ್ತೀನಿ. ಅವರಿಗೆ ಇಷ್ಟ ಇದ್ರೆ ಅವರೇ ಮಾಡ್ಲಿ," ಅಂದರು. ನನ್ನ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು ಬಂದೆ.

ಒಂದು ಭಾನುವಾರ ಬೆಳಿಗ್ಗೆ, ನಾನು ನರಸೀಪುರದಲ್ಲೇ ಇದ್ದಾಗ ಫೋನ್ ಬಂತು. ಅಪರಿಚಿತ ನಂಬರು. ಠಾಣೆಯ ಹೆಸರು, ಅತ್ತೆಯ ಹೆಸರು ಹೇಳಿ, "ಅವ್ವಾರ ಅದಾರೇನ್ರಿ?" ಅಂತ ಒಂದು ವಯಸ್ಸಾದ ದನಿ. ನಾನು ಸ್ಪೀಕರ್ ಹಾಕಿ ಅತ್ತೆಯ ಮುಂದೆ ಹಿಡಿದೆ. ಅತ್ತೆ ತಲೆಯ ಮೇಲೆ ಸೆರಗು ಸರಿಮಾಡಿಕೊಂಡಳು.

"ಪೊಲೀಸ್ರು ಎಲ್ಲಾ ಹೇಳ್ಯಾರ್ರೀ," ಅಂದರು ಅವರು. "ನಿಮ್ಮ ಹೆಸರು ಹಿಡದು ಭಾಳ ಬೈದೇನ್ರೀ ನಾನು. ತಪ್ಪಾತು. ಆ ಕಾರ್ಡಿನ್ಯಾಗ ನಿಮ್ಮ ಮಾರಿ ನೋಡಿದ ಮ್ಯಾಲೇ ನಾ ನಂಬಿದ್ದು. ನಮ್ಮ ಅಕ್ಕನ ಹಂಗ ಕಂಡ್ರಿ. ಇಂಥಾಕಿ ಬಂದ್ರ ಮನ್ಯಾಕಿನ್ನ ಛಲೋ ನೋಡ್ಕೋತಾಳ ಅಂತ ತಿಳದೆ."

ಅತ್ತೆಯ ಕಣ್ಣು ತುಂಬಿತು. "ನೀವ್ ಬಿಸ್ಲಲ್ ಕಾದ್ರಂತಲ್ಲ ಸೋಮಿ," ಅಂದಳು. ಕಾರ್ಡಿನ ಫೋಟೊ ನೆನಪಿಸಲು ನಾನು ಕೈಸನ್ನೆ ಮಾಡಿದೆ, ಅವಳಿಗೆ ಅರ್ಥವಾಯಿತು. "ಆ ಕಾರ್ಡ್ನ ಪೋಟೋ ಅಳಿಸಾಕ್ಬುಡಿ ಸೋಮಿ. ಇನ್ಯಾರ್ ಕೈಗೂ ಸಿಗ್ಬಾರ್ದು," ಅಂದಳು. ಅಳಿಸುತ್ತೇನೆ ಅಂದರು ಅವರು.

"ಮನೇವ್ರು ಎಂಗವ್ರೆ?"

"ಇಲ್ಲೇ ಬಾಜೂಕ ಮಲಗ್ಯಾಳ್ರಿ. ಎಲ್ಲಾ ಕೇಳಾಕತ್ತಾಳ."

"ಕೊಡಿ, ಅವ್ರ್ಗೆ ಕೊಡಿ," ಅಂದಳು ಅತ್ತೆ.

ಫೋನು ಕೈ ಬದಲಾಯಿಸಿದ ಸದ್ದು ಕೇಳಿತು. ಆ ಹೆಂಗಸಿನ ಮಾತು ತೊದಲುತ್ತಿತ್ತು. ನಡೆದದ್ದು ಅವರಿಗೆ ಎಷ್ಟು ತಿಳಿದಿತ್ತೋ, ಪೊಲೀಸರು ಹೇಳಿದ್ದು ಎಷ್ಟು ಅರ್ಥವಾಗಿತ್ತೋ ಗೊತ್ತಿಲ್ಲ. ಒಂದೊಂದೇ ಮಾತು ಕೂಡಿಸಿಕೊಂಡು, "ಬರ್ತೀನಿ ಅಂದಿದ್ರಲ್ಲಾ ಯಕ್ಕಾ. ಬರ್ಲೇ ಇಲ್ಲಾ," ಅಂದರು.

ನನಗೆ ನೆಲ ನೋಡುವ ಹಾಗಾಯಿತು. ಅತ್ತೆ ನೆಲ ನೋಡಲಿಲ್ಲ. ಫೋನನ್ನು ನನ್ನ ಕೈಯಿಂದ ತಾನೇ ತೆಗೆದುಕೊಂಡು ಬಾಯಿಯ ಹತ್ತಿರ ಹಿಡಿದಳು. ಅಷ್ಟು ದಿನದಿಂದ ಸಣ್ಣಗಾಗಿದ್ದ ದನಿ ಬೀದಿಗೆ ಕೇಳುವಷ್ಟು ಗಟ್ಟಿಯಾಗಿತ್ತು.

"ಅಂದೋಳು ನಾನಲ್ಲ ಕಣವ್ವ," ಅಂದಳು. "ನಾನ್ ಅಂದಿದ್ರೆ ಬಂದೇ ಬತ್ತಿದ್ದೆ."